ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತವರು

ಕುವೈತಿನ ಶುವೈಖ್‌ನಲ್ಲಿರುವ ನಮ್ಮ ಗ್ಯಾರೇಜಿನ ಮ್ಯಾನೇಜರು ಮಂಗಳೂರಿನವರು. ಅಮೆರಿಕನ್ ಗಿರಾಕಿಗಳಿಂದ ಅವರಿಗೆ ಆ ದೇಶದ ಫುಟ್‌ಬಾಲಿನ ಹುಚ್ಚು ಅಂಟಿತ್ತು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಹೀರೋ ಎಂದು ಅವರು, ಅವನಿಗೆ ಏಟು ಬೀಳದಂತೆ ಮುಂದೆ ನಿಂತು ತಾವೇ ಪೆಟ್ಟು ತಿನ್ನುವವರು ಹೀರೋಗಳು ಎಂದು ನಾನು. ಊಟದ ಹೊತ್ತಿಗೆ ದಿನವೂ ಇದೇ ಜಗಳ.

ನಮ್ಮ ಮನೆ ಮಾಲೀಕ ಬಾಡಿಗೆ ಏರಿಸಿದ. ಈಗಾಗಲೇ ಎರಡು ಸಂಸಾರ ಒಂದೇ ಫ್ಲ್ಯಾಟನ್ನು ಹಂಚಿಕೊಂಡಿದ್ದರೂ ಬಾಡಿಗೆ ಕಟ್ಟುವುದು ಕಷ್ಟ ಎಂದು ಮ್ಯಾನೇಜರ ಮುಂದೆ ಹೇಳಿಕೊಂಡೆ.

"ಬಾಡಿಗೆ ಕಟ್ಲಿಕ್ಕೆ ಆಗದಿದ್ರೆ ಫ್ಯಾಮಿಲಿ ಯಾಕೆ ಇಟ್ಕೊಳ್ಳುದು ಮಾರಾಯ? ಊರಿಗೆ ಕಳ್ಸು" ಎಂದರು.

ಅವರ ವಿಲ್ಲಾದ ಬಾಡಿಗೆ ಕಟ್ಟುವುದು ಕಂಪನಿ.

"ನಿಮ್ಮ ಮುಂದ ಕಂಪನಿ ನಿಂತೈತ್ರಿ. ಅದಕ್ಕ ನಿಮಗ ಪೆಟ್ಟು ಗೊತ್ತಿಲ್ಲ. ನಾ ಯಾರನ್ನೂ ಕಳಸಂಗಿಲ್ಲ" ಎಂದೆ.

ಆ ಸಂಜೆಯೇ ನಡುಮನೆಗೆ ಅಡ್ಡ ಪರದೆ ಕಟ್ಟಿ, ಬಾಡಿಗೆ ಕಟ್ಟಲಾಗದೆ ಊರಿಗೆ ಟಿಕೆಟ್ ಮಾಡಿಸಿದ್ದ ಮೂರನೆಯ ಸಂಸಾರವೊಂದನ್ನೂ ಒಳಗೆ ಕರೆದುಕೊಂಡೆವು.