ಹೊಸ್ತಿಲು ತೋರಿಸಿದ ಕಾಕಾ

ಮೊನ್ನೆ ನಮ್ಮ ಶಾಲೆಯ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಉಳಿದ ಶಿಕ್ಷಕಿಯರು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ನಾನು ಕಿಟಕಿಯ ಹತ್ತಿರವೇ ಕುರ್ಚಿ ಎಳೆದುಕೊಂಡು ಕುಳಿತೆ. ಕಾಯ್ದ ಡಾಂಬರಿನ ವಾಸನೆ ಬಂದರೆ ನನಗೆ ಕೊಲ್ಹಾರದ ದಂಡೆ, ಬೋರಲು ಹಾಕಿದ ಹರಿಗೋಲು, ಅದರ ಬೆನ್ನಿಗೆ ಡಾಂಬರು ಬಳಿಯುತ್ತ ಕುಳಿತ ಕಾಕಾ... ಎಲ್ಲ ಒಟ್ಟಿಗೇ ನೆನಪಾಗುತ್ತವೆ.

ಕಾಕಾ ನಮ್ಮ ಸಂಬಂಧಿಯೇನಲ್ಲ. ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ, ಕರೆದವರನ್ನು ಹರಿಗೋಲಿನಲ್ಲಿ ಒಯ್ಯುತ್ತಿದ್ದ. ಹಳೆಯ ಊರು ಮುಳುಗಿ ನಾವೆಲ್ಲ ಮೇಲಿನ ಹೊಸ ಊರಿಗೆ ಬಂದಿದ್ದರೂ ಅವನ ಪಾಲಿಗೆ ಅದು ಮುಳುಗಿರಲೇ ಇಲ್ಲ. ಮುಳುಗಿದ ಊರಬಾಗಿಲಿನ ಮೇಲೆ ಬಂದಾಗ ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ, “ಅಗಸಿ ಬಾಗಿಲಾ ಬಂತು, ತಲಿ ಬಗ್ಗಸ್ರಿ” ಅನ್ನುತ್ತಿದ್ದ. ದೊಡ್ಡ ಪಟಕಾ ಸುತ್ತಿದ ಯಜಮಾನರೂ ತಲೆ ಬಗ್ಗಿಸಿಬಿಡುತ್ತಿದ್ದರು.

ಅವ್ವನಿಗೆ ಒಂದು ಕೊರಗಿತ್ತು. ಊರು ಬಿಡುವ ದಿನ ಟ್ರ್ಯಾಕ್ಟರಿನವನು ಅವಸರ ಮಾಡಿದ್ದಕ್ಕೆ ಆಕೆ ಹೊಸ್ತಿಲಿಗೆ ಅರಿಷಿಣ-ಕುಂಕುಮ ಹಚ್ಚದೆ ಬಂದಿದ್ದಳು. “ಹೊಸ್ತಲಕ್ಕ ಹೇಳದ ಬಂದೇನಿ” ಎನ್ನುತ್ತ ಹೊಸ ಮನೆಯಲ್ಲಿ ಅರೆಹೊಟ್ಟೆ ಉಣ್ಣುತ್ತಿದ್ದಳು. ಯಾರು ಎಷ್ಟು ಹೇಳಿದರೂ ಅಷ್ಟೇ.

ಕೊನೆಗೆ ಒಂದು ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಾನೇ ಆಕೆಯನ್ನು ಕಾಕಾನ ಹರಿಗೋಲಿಗೆ ಹತ್ತಿಸಿದೆ. ನೀರೆಂದರೆ ಹೆದರುವ ಅವ್ವ ಎರಡೂ ಕೈಯಿಂದ ಅಂಚು ಹಿಡಿದು ಕುಳಿತಿದ್ದಳು. ಸ್ವಲ್ಪ ದೂರ ಹೋಗಿ ಕಾಕಾ ಹುಟ್ಟು ನಿಲ್ಲಿಸಿದ. “ಇದ ನೋಡ್ರಿ ವೈನಿ, ನಿಮ್ಮ ಹೊಸ್ತಲಾ.” ಅವ್ವ ಅರಿಷಿಣ-ಕುಂಕುಮ ಚೆಲ್ಲಿದಳು, ಸಜ್ಜೆ ರೊಟ್ಟಿಯ ಎಡೆ ಬಿಟ್ಟಳು, ಕುಪ್ಪಸದ ಖಣದಲ್ಲಿ ಹಸಿರು ಬಳೆಗಳನ್ನೂ ಒಂದು ಕಲ್ಲನ್ನೂ ಕಟ್ಟಿ ಮುಳುಗಿಸಿದಳು. “ತಪ್ಪಾತವ್ವ” ಎಂದು ನೀರಿಗೆ ಕೈಮುಗಿದಳು. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡಳು. ಮುಂದೆ ಪ್ರತಿ ವರ್ಷ ಅದೇ ಜಾಗಕ್ಕೆ ಹೋಗಿ ಹಾಗೆಯೇ ಬಳೆ ಮುಳುಗಿಸಿ ಬಂದಳು.

ಒಂದು ಬೇಸಿಗೆ ನೀರು ಬಹಳ ಇಳಿದು ಹಳೆಯ ಊರಿನ ಗೋಡೆಗಳು ಹೊರಬಿದ್ದವು. ಮನೆ ನೋಡಲೇಬೇಕು ಎಂದು ಅವ್ವ ಹಟ ಹಿಡಿದಳು. ದಾರಿ ಹೇಗಿದೆಯೋ ನೋಡೋಣವೆಂದು ನಾನು ಹಿಂದಿನ ದಿನವೇ ಹೋದೆ. ಒಣಗಿ ಬಿರುಕುಬಿಟ್ಟ ರಾಡಿಯಲ್ಲಿ, ಖಣ ಕೊಳೆತು ಹೊರಬಿದ್ದ ಅವ್ವನ ಹಸಿರು ಬಳೆಗಳು ಕಂಡವು... ದನದ ದೊಡ್ಡಿಯೊಳಗೆ. ಬೆಳೆ ಮೇದ ತುಡುಗು ದನಗಳನ್ನು ಕೂಡಿಹಾಕುತ್ತಿದ್ದ ಆ ದೊಡ್ಡಿ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆ ಅಲ್ಲಿಂದ ಇನ್ನೂ ಸಾಕಷ್ಟು ಆಚೆ.

ನಾನು ಕಡ್ಡಿ ಮುರಿದಂತೆ ಮಾತಾಡುವವಳು. ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಕಾಕಾನನ್ನು ಅಲ್ಲಿಗೇ ಕರೆತಂದು, ಇದೇನು ಎಂದು ಕೇಳಿದೆ.

“ನಿಮ್ಮ ಮನಿ ಸೆಳವಿನಾಗ ಇತ್ತವ್ವ. ನಿಮ್ಮವ್ವ ಗಡಗಡ ನಡಗಾಕತ್ತಿದ್ಲು. ಅಲ್ಲಿತನಕ ಒಯ್ಯಾಕ ನನಗ ಧೈರ್ಯ ಆಗಲಿಲ್ಲ” ಎಂದ. ಕಾಲ ಹತ್ತಿರದ ಬಳೆಯೊಂದರ ರಾಡಿ ಒರೆಸುತ್ತ, “ಆಕಿಗಿ ಹೇಳತೀಯೇನು?” ಎಂದು ಕೇಳಿದ.

ಸಿಟ್ಟು ಬಂದಿತ್ತು. ಇಷ್ಟು ವರ್ಷ ಅವ್ವ ದನದ ದೊಡ್ಡಿಗೆ ಕೈಮುಗಿದಿದ್ದಳಲ್ಲ. ಆದರೆ ನಿಜ ತಿಳಿದರೆ ಆಕೆ ಮತ್ತೆ ಉಣ್ಣುವುದನ್ನು ಬಿಡುತ್ತಾಳೆ ಎಂಬುದೂ ಗೊತ್ತಿತ್ತು. ಬಗ್ಗಿ ಒಂದು ಬಳೆ ಎತ್ತಿದೆ. ಕಾಕಾ ತಲೆಯ ರುಮಾಲು ಬಿಚ್ಚಿ ಹಾಸಿದ. ಇಬ್ಬರೂ ಸಂಜೆಯವರೆಗೆ ಬಳೆ ಆರಿಸಿದೆವು. ಅಷ್ಟನ್ನೂ ಒಯ್ದು ನಮ್ಮ ನಿಜವಾದ ಹೊಸ್ತಿಲ ಮುಂದೆ ರಾಡಿಯಲ್ಲಿ ಒತ್ತಿದೆವು. ಅನುಮಾನ ಬಾರದಿರಲಿ ಎಂದು ಕಾಕಾ ಎರಡು ಮೂರನ್ನು ಅತ್ತಿತ್ತ ಚೆಲ್ಲಿದ. ಅಂಥ ಕಿಲಾಡಿ.

ಮರುದಿನ ಅವ್ವ ಬಳೆಗಳನ್ನು ನೋಡಿ ಅಲ್ಲೇ ಕುಳಿತುಬಿಟ್ಟಳು. “ಎಲ್ಲಾ ಮುಟ್ಯಾವ ನೋಡು” ಎಂದಳು. ಕಾಕಾ ರುಮಾಲು ಜಾಡಿಸುತ್ತ ಬೇರೆ ಕಡೆ ನೋಡುತ್ತಿದ್ದ. ಆ ಗಳಿಗೆಯಲ್ಲಿ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ... ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಕಾಕಾ ಹೋಗಿ ನಾಲ್ಕು ವರ್ಷವಾಯಿತು. ಹೋದ ವರ್ಷ ಅವ್ವನೂ ಹೋದಳು. ಈ ಸಲದ ಎಳ್ಳ ಅಮಾವಾಸ್ಯೆಗೆ ಆಕೆಯ ಹೆಸರಿನಲ್ಲಿ ಎಡೆ ಬಿಡಲು ನಾನೊಬ್ಬಳೇ ಹೋದೆ. ಹಿನ್ನೀರು ತುಂಬಿ ಎತ್ತ ನೋಡಿದರೂ ಒಂದೇ ತೆರನಾಗಿತ್ತು. ಹರಿಗೋಲಿನವನು ನಾಲತವಾಡದ ಕಡೆಯವನು, ಈ ನೀರಿಗೆ ಹೊಸಬ. ಹುಟ್ಟು ಎತ್ತಿ, “ಎಲ್ಲಿ ನಿಲ್ಲಸ್ಲಿರಿ ಬಾಯಾರ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಅವನು ಕಾಯುತ್ತಿದ್ದ, ಹರಿಗೋಲು ನಿಂತಲ್ಲೇ ತಿರುಗುತ್ತಿತ್ತು. ಸುಳ್ಳಾದರೂ ಸರಿ, ಇದೇ ನಿಮ್ಮ ಹೊಸ್ತಿಲು ಎಂದು ಹೇಳುವವರು ಒಬ್ಬರು ಬೇಕಾಗಿತ್ತು.