ಮಾನಿಟರಿನ ಮೇಲಿದ್ದ ಕನ್ನಡ ಚೀಟಿ

ಬ್ಯಾಂಕಿನವರು ನನ್ನ ಗಂಡನನ್ನು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗ ಮಾಡಿದ ವರ್ಷ ನಾನು ಬೆಂಜ್ ಸರ್ಕಲ್ ಹತ್ತಿರದ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ರಿಪೋರ್ಟುಗಳನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸ. ಅಲ್ಲಿಗೆ ಕಂಪ್ಯೂಟರು ಆಗತಾನೇ ಬಂದಿತ್ತು. ಅದು ತಿಂಗಳಿಗೊಮ್ಮೆ ಹೊಸ ಪಾಸ್‌ವರ್ಡ್ ಕೇಳುತ್ತಿತ್ತು, ನಾನು ತಿಂಗಳಿಗೊಮ್ಮೆ ಮರೆಯುತ್ತಿದ್ದೆ.

ಕೊನೆಗೆ ಒಂದು ಉಪಾಯ ಮಾಡಿದೆ. ಹಾಸನದ ಕಡೆಯ ನಮ್ಮ ಊರುಗಳ ಹೆಸರನ್ನೇ ಒಂದೊಂದಾಗಿ ಪಾಸ್‌ವರ್ಡ್ ಮಾಡಿಕೊಂಡು, ಅದನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದೆ. ಗಂಡನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಭಲೇ! ಇನ್ನು ಪೊಲೀಸ್ನೋರು ಬಂದ್ರೂ ಓದಕ್ಕಾಗಲ್ಲ ಬಿಡು" ಅಂದರು. ನನಗೂ ಹೆಮ್ಮೆಯಾಗಿತ್ತು. ವಿಶಾಖಪಟ್ಟಣದಲ್ಲಿ ಸಿಟಿ ಬಸ್ಸಿನ ತೆಲುಗು ಬೋರ್ಡು ಓದಲು ನನಗೆ ಒಂದು ವಾರವೂ ಬೇಕಾಗಿರಲಿಲ್ಲ. ತಲೆಕಟ್ಟು ಬೇರೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ನಮ್ಮದೇ ಅಕ್ಷರ. ಅವರ ಅಕ್ಷರ ನಾನು ಓದಬಲ್ಲೆ, ನನ್ನದನ್ನು ಅವರು ಓದಲಾರರು ಎಂದುಕೊಂಡಿದ್ದೆ ನೋಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಟೀಚರು ಇದ್ದಳು. ತೆಲುಗಿನವಳು, ಮೂವತ್ತು ದಾಟಿರಲಿಲ್ಲ. ಗಂಡ ಜ್ವರದಲ್ಲೇ ಸವೆದು ಸತ್ತಿದ್ದ. ಅವಳಿಗೂ ಜ್ವರ ಬಿಡದೆ ಬರತೊಡಗಿದಾಗ ಡಾಕ್ಟರು ಎಚ್‌ಐವಿ ಪರೀಕ್ಷೆಗೆ ಬರೆದುಕೊಟ್ಟರು. ಅವಳು ನಮ್ಮ ಲ್ಯಾಬಿಗೇ ಬಂದದ್ದು ನಾನಿದ್ದೇನೆಂದು.

"ಸ್ಕೂಲಿಗೆ ಗೊತ್ತಾದರೆ ಕೆಲಸದಿಂದ ತೆಗೀತಾರೆ ಅಕ್ಕಾ. ಆಮೇಲೆ ನನಗೆ ಯಾರೂ ಇಲ್ಲ" ಎಂದು ತೆಲುಗಿನಲ್ಲಿ ಹೇಳಿದಳು.

"ನಾನಿದ್ದೀನಲ್ಲ" ಎಂದೆ ನಾನು. ಎಚ್‌ಐವಿ ಇದೆ ಎಂದು ಬಂದ ಫಲಿತಾಂಶವನ್ನು ನಾನೇ ಟೈಪು ಮಾಡಿದೆ, ನಾನೇ ಲಕೋಟೆ ಅಂಟಿಸಿ ಮನೆಯಲ್ಲಿ ಅವಳ ಕೈಗೆ ಕೊಟ್ಟೆ.

ಹತ್ತು ದಿನ ಕಳೆದಿರಬಹುದು. ಅದೇ ರಿಪೋರ್ಟಿನ ಇನ್ನೊಂದು ಪ್ರತಿ ಅವಳ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲಿತ್ತು. ಮರುದಿನದಿಂದ ಬರಬೇಡ ಎಂದರು. ಮಕ್ಕಳ ತಂದೆತಾಯಿ ಗಲಾಟೆ ಮಾಡುತ್ತಾರಂತೆ.

ಲ್ಯಾಬಿನ ಯಜಮಾನರು ನನ್ನನ್ನು ಒಳಗೆ ಕರೆದು ಕಂಪ್ಯೂಟರಿನ ಪಟ್ಟಿ ತೋರಿಸಿದರು. ರಿಪೋರ್ಟು ತೆರೆದವರು: ನಾನು. ಹೊತ್ತು: ಮಧ್ಯಾಹ್ನ ಒಂದೂ ಇಪ್ಪತ್ತು. ಆ ಹೊತ್ತಿಗೆ ನಾನು ಮೇಲೆ ಡಬ್ಬಿ ಬಿಚ್ಚಿಕೊಂಡು ಮೊಸರನ್ನ ತಿನ್ನುತ್ತಿದ್ದೆ.

ಕೌಂಟರಿನಲ್ಲಿ ಕೂರುವ ಮನುಷ್ಯನನ್ನು ಕೇಳಿದೆ. ಅವನು ಅಂಜಲೂ ಇಲ್ಲ, ಅಳುಕಲೂ ಇಲ್ಲ. ಟೀಚರ ಮೈದುನ ಬಂದಿದ್ದನಂತೆ, ಮನೆಯವನು, ರಿಪೋರ್ಟು ಕಳೆದಿದೆ, ಇನ್ನೊಂದು ಕೊಡಿ ಅಂದನಂತೆ, ಕೊಟ್ಟನಂತೆ. ಆ ಮೈದುನನಿಗೆ ಅಣ್ಣ ಸತ್ತ ಮೇಲೆ ಅತ್ತಿಗೆ ಮನೆ ಬಿಟ್ಟು ಹೋದಳೆಂಬ ಸಿಟ್ಟು ಎಂದು ಟೀಚರೇ ನನಗೆ ಹಿಂದೊಮ್ಮೆ ಹೇಳಿದ್ದಳು. ಕೌಂಟರಿನವನಿಗೆ ಅದೆಲ್ಲಿ ಗೊತ್ತು?

"ಪಾಸ್‌ವರ್ಡ್ ಹೇಗೆ ಸಿಕ್ಕಿತು?" ಎಂದೆ.

ಅವನು ಚೀಟಿ ತೋರಿಸಿ, "ಇವಿ ಮಾ ಅಕ್ಷರಾಲೇ ಕದಂಡಿ" ಅಂದ. ಇವು ನಮ್ಮ ಅಕ್ಷರಗಳೇ ಅಲ್ಲವೇ ಎಂದು. ನೀವು ಊಟಕ್ಕೆ ಹೋದಾಗ ನಾವೆಲ್ಲ ಇದರಿಂದಲೇ ಕೆಲಸ ಮಾಡೋದು ಮೇಡಂ, ಎಂದೂ ಸೇರಿಸಿದ.

ನನಗೆ ಸಿಟ್ಟು ಬರಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ತೋಳಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸಿಗೆ ಹಿಡಿದಿತ್ತು. ಕುರ್ಚಿಗೆ ಹೋಗಿ ಕೂತು ಆ ದಿನದ ಸಕ್ಕರೆ ಕಾಯಿಲೆಯ ರಿಪೋರ್ಟುಗಳನ್ನು ಒಂದೂ ತಪ್ಪಿಲ್ಲದೆ ತುಂಬಿಸಿದೆ.

ಸಂಜೆ ಯಜಮಾನರು ಮತ್ತೆ ಕರೆದರು. "ಯಾರಾದರೂ ಕೇಳಿದರೆ ಕಂಪ್ಯೂಟರನ್ನು ಯಾರೋ ಹ್ಯಾಕ್ ಮಾಡಿದ್ದಾರೆ ಅನ್ನಮ್ಮಾ. ಪೇಪರಿನಲ್ಲಿ ದಿನಾ ಬರುತ್ತಲ್ಲ" ಎಂದರು. ಹೂಂ ಅಂದೆ. ನನ್ನ ಹೆಸರೂ ಉಳಿಯುತ್ತಿತ್ತು, ಅವರದೂ.

ಆ ಭಾನುವಾರ ಟೀಚರು ಕೆಳಗಿಳಿದು ಬಂದಳು. ಮನೆ ಖಾಲಿ ಮಾಡಬೇಕೆಂದು ಓನರು ಹೇಳಿದ್ದರು. ಅಡಿಗೆಮನೆಯ ಬಾಗಿಲಲ್ಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ.

"ನಿಮ್ಮಿಂದ ಹೊರಗೆ ಹೋಯಿತಾ ಅಕ್ಕಾ?" ಎಂದು ಕೇಳಿದಳು.

"ನಾನು ಯಾರಿಗೂ ಹೇಳಿಲ್ಲ" ಎಂದೆ. ಅದು ನಿಜ. ಆಮೇಲೆ, "ಕಂಪ್ಯೂಟರನ್ನು ಯಾರೋ ಹ್ಯಾಕ್ ಮಾಡಿದ್ದಾರಂತೆ" ಎಂದೆ.

ಹಾಗಂದರೇನೆಂದು ಕೇಳಿದಳು. ಎಲ್ಲೋ ದೂರ ಕೂತವರು, ಗುರುತಿಲ್ಲದವರು, ಒಳಗೆ ನುಗ್ಗಿ ಕದಿಯುತ್ತಾರೆ ಎಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಕೇಳುತ್ತ ಕೇಳುತ್ತ ಅವಳ ಮುಖ ಸ್ವಲ್ಪ ಸಡಿಲವಾಯಿತು. ಗೊತ್ತಿರುವವರು ಮಾಡಿರಬಹುದೆಂದು ನಾಲ್ಕು ದಿನದಿಂದ ಊಟ ಸೇರಿರಲಿಲ್ಲ ಎಂದಳು. ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡು ಕುಡಿದಳು.

"ಇನ್ನೂ ಟೆಸ್ಟುಗಳಿವೆ ಅಕ್ಕಾ. ನಿಮ್ಮ ಹತ್ತಿರವೇ ಬರ್ತೀನಿ. ಕಂಪ್ಯೂಟರಿಗೆ ಹಾಕಬೇಡಿ, ನಿಮ್ಮ ಕೈಯಲ್ಲೇ ಬರೆದುಕೊಡಿ. ಈ ಊರಲ್ಲಿ ನಾನು ನಂಬೋದು ನಿಮ್ಮೊಬ್ಬರನ್ನೇ."

ಆಗಲಿ ಎಂದೆ.