ಕೊಟ್ಟಿಗೆ ಬಾಗಿಲಿನ ಗಿಟಾರು

ಮೊನ್ನೆ ನಮ್ಮ ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಮೂಕವಾಯಿತು. ರಿಪೇರಿಗೆ ಬಂದ ರಾಜಪ್ಪ ಅದರ ಬೆನ್ನು ಬಿಚ್ಚಿ, ಕಾದ ಕಬ್ಬಿಣದ ಮೊನೆಯನ್ನು ರಾಳದ ತುಂಡಿಗೆ ತಾಗಿಸಿದ. ಚುರ್ ಎಂದು ಒಂದೆಳೆ ಹೊಗೆ ಎದ್ದು ನನ್ನ ಮೂಗಿಗೆ ಬಂತು. ವಯಸ್ಸಾದವರ ಮೂಗಿನ ರೀತಿಯೇ ಬೇರೆ ನೋಡಿ. ಅದೇ ಬೆಳಿಗ್ಗೆ ನನ್ನ ಕಣ್ಣೆದುರಿಗೇ ಹಾಲು ಉಕ್ಕಿ ಹೊತ್ತಿದ್ದರೂ ನನಗೆ ತಿಳಿದಿರಲಿಲ್ಲ. ಸೊಸೆ ಓಡಿ ಬಂದು ಇಳಿಸಿದ್ದಳು. ಈ ರಾಳದ ವಾಸನೆ ಮಾತ್ರ ನನ್ನನ್ನು ನೆಟ್ಟಗೆ ಕೊಂಡೊಯ್ದು ಹುಮನಾಬಾದಿನ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಕೂರಿಸಿಬಿಟ್ಟಿತು.

ನಾನು ಕಲ್ಯಾಣದ ಹುಡುಗಿ. ಈಗ ಬಸವಕಲ್ಯಾಣ ಎಂದು ಬೋರ್ಡು ಹಾಕಿದ್ದಾರೆ, ಆಗ ಬರೀ ಕಲ್ಯಾಣ. ಹೊರಗಿನ ಜಗತ್ತಿನಲ್ಲಿ ದೊಡ್ಡ ಯುದ್ಧ ನಡೆದಿತ್ತು, ನಮ್ಮ ಕಡೆ ನಿಜಾಮರ ರಾಜ್ಯ. ಮದುವೆಯಾಗಿ ಹುಮನಾಬಾದಿಗೆ ಬಂದಾಗ ಮನೆಯಲ್ಲಿ ನಾವು ಮೂರೇ ಜನ: ಅತ್ತೆ, ನಮ್ಮ ಮನೆಯವರು, ನಾನು. ಕೊಟ್ಟಿಗೆಯಲ್ಲಿ ಒಂದು ಆಕಳು, ಅದರ ಕರು.

ನಮ್ಮ ಮನೆಯವರು ಹುಮನಾಬಾದಿಗೂ ಕಲ್ಯಾಣಕ್ಕೂ ನಡುವೆ ಓಡುತ್ತಿದ್ದ ಒಂದು ಮೋಟಾರು ಬಸ್ಸಿನ ರಿಪೇರಿ ಮೇಸ್ತ್ರಿ. ಅದು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ ಡ್ರೈವರನಿಗಿಂತ ಇವರಿಗೇ ಮರ್ಯಾದೆ ಜಾಸ್ತಿ. ಇಂಜಿನ್ನಿನ ಎದುರು ಕುಕ್ಕರಗಾಲಲ್ಲಿ ಕೂತು, “ಯಾಕ, ಏನಾತು ನಿನಗ? ನಿನ್ನೆ ಛಲೋ ಇದ್ದೆಲ್ಲ?” ಎಂದು ಅದನ್ನು ಎಷ್ಟು ಪ್ರೀತಿಯಿಂದ ವಿಚಾರಿಸುತ್ತಿದ್ದರೆಂದರೆ, ಮೋಟಾರಿನಲ್ಲಿ ಕೂತ ಹೆಂಗಸರು ನಗುತ್ತಿದ್ದರಂತೆ. ನನ್ನನ್ನು ಮಾತ್ರ ಹಾಗೆ ಕೇಳಿದವರಲ್ಲ. ಅತ್ತೆಯ ಎದುರು ಗಂಡ ಹೆಂಡತಿ ಮಾತಾಡುವುದು ಆಗಿನ ಕಾಲಕ್ಕೆ ನಾಚಿಕೆಗೇಡಿನ ಸಂಗತಿ, ಮತ್ತು ನಮ್ಮ ಅತ್ತೆ ಸದಾ ಎದುರಿಗೇ ಇರುತ್ತಿದ್ದರು. ಹೀಗಾಗಿ ನನಗೆ ಸವತಿ ಎಂದರೆ ಆ ಇಂಜಿನ್ನು. ನಾನು ಅದನ್ನು ಕಣ್ಣಿನಿಂದ ನೋಡದೆಯೇ ದ್ವೇಷಿಸುತ್ತಿದ್ದೆ.

ಒಮ್ಮೆ ಅವರು ಬಿಡಿಭಾಗ ತರಲು ಹೈದರಾಬಾದಿಗೆ ಹೋಗಿ ಬಂದರು. ಬಂದವರೇ ಊಟಕ್ಕೆ ಕೂತು, ರೊಟ್ಟಿ ಮುರಿಯುವುದನ್ನೂ ಮರೆತು ಮಾತಿಗೆ ಶುರು ಮಾಡಿದರು.

“ಅವ್ವಾ, ಸಿಕಂದರಾಬಾದದಾಗ ಒಂದು ಹೋಟೆಲಿನ ಕಿಡಕ್ಯಾಗ ನೋಡ್ದೆ. ಒಬ್ಬ ಗೋರಾ ಸೋಲ್ಜರ ಗಿಟಾರ ಬಾರಸಾಕತ್ತಿದ್ದ. ಹೊಟ್ಟಿ ಇಲ್ಲ ಅದಕ್ಕ! ಬರೀ ಹಲಗಿ. ಒಂದು ವೈರ್ ಹೋಗಿ ಡಬ್ಬಿಗಿ ಕೂಡ್ಯದ, ದನಿ ಡಬ್ಬ್ಯಾಗಿಂದ ಬರ್ತದ.”

“ಹೊಟ್ಟಿ ಇಲ್ಲದ್ದು ದನಿ ಹ್ಯಾಂಗ ಮಾಡ್ತದೋ?” ಎಂದರು ಅತ್ತೆ.

“ಬಿಜಲಿ, ಅವ್ವಾ, ಬಿಜಲಿ! ನಾನೂ ಮಾಡ್ತೀನಿ ನೋಡು.”

ಆಗ ಊರಲ್ಲಿ ಕರೆಂಟು ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಇದ್ದದ್ದು ಅರಿವೆ ವ್ಯಾಪಾರದ ಸಾವಕಾರರ ಮನೆಯಲ್ಲಿ ಬ್ಯಾಟರಿಯಿಂದ ಓಡುವ ಒಂದು ರೇಡಿಯೋ. ಆ ಬ್ಯಾಟರಿಯನ್ನು ಮೋಟಾರಿನಲ್ಲಿಟ್ಟು ಚಾರ್ಜು ಮಾಡಿ ಕೊಡುತ್ತಿದ್ದವರು ನಮ್ಮವರೇ. ರೇಡಿಯೋದ ಬೆನ್ನಿನಲ್ಲಿ, ಗ್ರಾಮೋಫೋನಿನ ಸದ್ದು ಹಾಯಿಸಲೆಂದು ಎರಡು ತೂತು ಇರುತ್ತವೆ ಎಂಬ ಗುಟ್ಟು ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಆ ಎರಡು ತೂತುಗಳನ್ನು ನಂಬಿ ನಮ್ಮ ಮನೆಯ ಕೊಟ್ಟಿಗೆ ಕಾರ್ಖಾನೆಯಾಯಿತು.

ಮೊದಲ ಬಲಿ ಕೊಟ್ಟಿಗೆಯ ಸಾಗವಾನಿ ಬಾಗಿಲು. ಗಿಟಾರಿನ ಮೈಗೆಂದು ಅದನ್ನು ಕೊಯ್ದರು. ಬಾಗಿಲಿಲ್ಲದ ಕೊಟ್ಟಿಗೆಯಿಂದ ಕರು ನೆಟ್ಟಗೆ ಅಡುಗೆಮನೆಗೆ ಬಂದು ಜೋಳದ ಹಿಟ್ಟಿನಲ್ಲಿ ಮುಖವಿಟ್ಟಿತು. ಬಿಳಿ ಮೀಸೆ ಹೊತ್ತ ಕರುವನ್ನು ಕಿವಿ ಹಿಡಿದು ಎಳೆದು ತಂದ ಅತ್ತೆಗೆ ಕಂಡದ್ದೇನು? ಮಗ ಹಳೆಯ ಬಂಡಿಯ ನೊಗವನ್ನು ತೊಡೆಯ ಮೇಲಿಟ್ಟುಕೊಂಡು ಹೆರೆಯುತ್ತಿದ್ದಾನೆ. ಅದು ಗಿಟಾರಿನ ಕುತ್ತಿಗೆಗಂತೆ.

“ಎತ್ತಿನ ಹೆಗಲಿಗಿ ಹಾಕೋದು ನೀ ಎದಿಗಿ ಹಾಕ್ಕೋತಿಯೇನೋ? ಲಗ್ನ ಮಾಡಿ ಒಂದು ನೊಗಾ ಹಾಕೀನಲ್ಲ, ಸಾಲಲಿಲ್ಲೇನು?”

ಆ ನೊಗ ನಾನೇ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ತಂತಿ ಸುತ್ತುವ ಕೆಲಸ. ಕೆಟ್ಟ ಮೋಟಾರಿನ ಕಾಯಿಲ್ ಒಡೆದು, ಕೂದಲಿನಂಥ ತಾಮ್ರದ ತಂತಿ ತೆಗೆದಿದ್ದರು. ಅದನ್ನು ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಬೇಕು; ಗಿಟಾರಿನ ತಂತಿಯ ನಡುಕವನ್ನು ಹಿಡಿಯುವುದು ಅದೇ ಅಂತೆ. ಅವರದು ಸ್ಪಾನರು ಹಿಡಿದ ಕೈ. ಮುಟ್ಟಿದರೆ ತಂತಿ ಹರಿಯುತ್ತಿತ್ತು. ಕೊನೆಗೆ ಅತ್ತೆಯ ನೂಲುವ ರಾಟಿ ಕೇಳಿದರು. ಅತ್ತೆ ರಾಟಿಯನ್ನು ಕೊಟ್ಟರು, ನನ್ನನ್ನು ಜೊತೆಗೆ ಕೊಟ್ಟರು.

“ಹೋಗವಾ, ನೀನೇ ತಿರುವು. ಅವನ ಕೈಯಾಗ ಕೊಟ್ರ ರಾಟಿ ಮುರದು ಒಲಿಗಿ ಬರ್ತದ.”

ಹೀಗೆ, ಮದುವೆಯಾಗಿ ಎಷ್ಟೋ ತಿಂಗಳಾದ ಮೇಲೆ ನಾವಿಬ್ಬರೂ ಎದುರುಬದುರು ಕೂತೆವು. ನಾನು ರಾಟಿ ತಿರುವುತ್ತಿದ್ದೆ, ಅವರು ತಂತಿ ಬಿಡುತ್ತಿದ್ದರು. ಮೊದಲ ದಿನದ ಸಂಭಾಷಣೆ “ಸಾವಕಾಶ”, “ಹೂಂ” ಇಷ್ಟೇ. ಮರುದಿನ ಅವರು ಇಂಜಿನ್ನಿನ ಕತೆ ಹೇಳಿದರು, ನಾನು ಕಲ್ಯಾಣದ ನಮ್ಮ ಓಣಿಯ ಕತೆ ಹೇಳಿದೆ. ಇಬ್ಬರಲ್ಲಿ ಒಬ್ಬರು ನಕ್ಕರೂ ಸುತ್ತಿನ ಲೆಕ್ಕ ತಪ್ಪುತ್ತಿತ್ತು. ಲೆಕ್ಕ ತಪ್ಪಿತೆಂದು ಬಿಚ್ಚಿ ಮತ್ತೆ ಸುತ್ತುತ್ತಿದ್ದೆವು. ನಿಜ ಹೇಳಬೇಕೆಂದರೆ ಅಷ್ಟು ಸಲ ಬಿಚ್ಚುವ ಅಗತ್ಯ ಇರಲಿಲ್ಲ. ಅತ್ತೆ ಕೊಟ್ಟಿಗೆಯ ಕಡೆ ಬರುವಾಗ ದೂರದಿಂದಲೇ ಕೆಮ್ಮುತ್ತಿದ್ದರು. ಅವರಿಗೆ ಕೆಮ್ಮು ಇರಲಿಲ್ಲ. ಅವರು ತಂತಿಗೆ ಬೆಸುಗೆ ಹಾಕಿ ರಾಳದ ಹೊಗೆ ಎದ್ದಾಗ ಮಾತ್ರ, “ಲೋಬಾನದ ಧೂಪ ಹಾಕೀರೇನು? ಛಲೋ ಆತು, ಸೊಳ್ಳಿ ಹೋಗ್ತಾವ” ಎಂದು ಆಶೀರ್ವಾದ ಮಾಡಿ ಹೋಗುತ್ತಿದ್ದರು.

ಗಿಟಾರು ಸಿದ್ಧವಾಯಿತು. ಹಿತ್ತಾಳೆಯ ತಂತಿ ಬಿಗಿದು, ಸಾವಕಾರರ ಮನೆಗೆ ಹೊತ್ತುಕೊಂಡು ಹೋದರು. ಊರ ಮಂದಿಯೆಲ್ಲ ಕೂಡಿದ್ದರಂತೆ. ವೈರು ಸಿಕ್ಕಿಸಿ, ತಂತಿ ಮೀಟಿದರೆ ರೇಡಿಯೋ ‘ಗುಂಯ್’ ಎಂದು ಒಂದೇ ಸಮನೆ ಗುನುಗಿತೇ ಹೊರತು ಗಿಟಾರಿನ ಒಂದು ಸ್ವರವೂ ಹೊರಡಲಿಲ್ಲ. “ಮೇಸ್ತ್ರಿ, ಜೇನ ಹುಳಾ ಸಾಕೀಯೇನು?” ಎಂದರಂತೆ ಸಾವಕಾರರು. ಅಂದಿನಿಂದ ಊರಲ್ಲಿ ನಮ್ಮವರ ಹೆಸರು ಗುಂಯ್ ಮೇಸ್ತ್ರಿ. ಮೋಟಾರು ನಿಂತರೆ ಸಾಕು, ಒಳಗಿನಿಂದ ಯಾರಾದರೊಬ್ಬರು ‘ಗುಂಯ್’ ಎನ್ನುತ್ತಿದ್ದರು. ಅವರು ಊಟ ಕಡಿಮೆ ಮಾಡಿದರು. ಕೊಟ್ಟಿಗೆಗೆ ಹೋಗುವುದನ್ನೇ ಬಿಟ್ಟರು. ರಾಟಿ ಅತ್ತೆಯ ಮೂಲೆಗೆ ಮರಳಿತು, ನಮ್ಮ ಮಾತು ನಿಂತುಹೋಯಿತು. ಆ ಹಲಗೆಯ ತುಂಡಿಗಾಗಿ ನಾನು ಅಳುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಗುತ್ತಿದ್ದೆ.

ಗಿಟಾರನ್ನು ಉಳಿಸಿದ್ದು ಅತ್ತೆಯ ದುರಾಸೆ. ಅವರು ಕೌದಿ ಹೊಲಿಯುತ್ತಿದ್ದರು; ಸೂಜಿ ಕಳೆಯುವುದು ನಿತ್ಯದ ಗೋಳು. ಉಳಿದಿದ್ದ ಅಯಸ್ಕಾಂತದ ತುಂಡೊಂದನ್ನು ಮೆಲ್ಲಗೆ ಎತ್ತಿಟ್ಟುಕೊಂಡು, ಕೌದಿಯ ಮೇಲೆ ಆಡಿಸಿ ಸೂಜಿ ಹುಡುಕುತ್ತಿದ್ದರು. ಒಂದು ದಿನ ಮಗನಿಗೇ ತಕರಾರು ತಂದರು.

“ನಿನ್ನ ಕಲ್ಲು ಅರ್ಧಾ ಕೆಲಸದ್ದದ ನೋಡು. ಸೂಜಿ ಹಿಡೀತದ, ನನ್ನ ಪಿತಾಳಿ ಗುಂಡಿ ಬಿದ್ದದ, ಅದನ್ನ ಹಿಡಿಯವಲ್ದು.”

ನಮ್ಮವರು ಬಾಯಿಗೆ ಒಯ್ದ ತುತ್ತನ್ನು ತಾಟಿನಲ್ಲಿಟ್ಟರು. “ಪಿತಾಳಿ!” ಎಂದು ಹಣೆ ಬಡಿದುಕೊಂಡು, ಕೈಯನ್ನೂ ತೊಳೆಯದೆ ಕೊಟ್ಟಿಗೆಗೆ ಓಡಿದರು. ಹಿತ್ತಾಳೆಯನ್ನು ಕಂಡು ಅಯಸ್ಕಾಂತ ಮಿಸುಕುವುದಿಲ್ಲ. ಉಕ್ಕಿನ ತಂತಿ ಬೇಕಿತ್ತು. ಮೋಟಾರಿನ ಕೇಬಲ್ಲು ಬಿಚ್ಚಿ ಉಕ್ಕಿನ ಎಳೆ ತೆಗೆದು ಬಿಗಿದರು. ಅತ್ತೆಗೆ ಏನೂ ಅರ್ಥವಾಗಲಿಲ್ಲ. “ಗುಂಡಿ ಹುಡುಕಿ ಕೊಡೋ ಅಂದ್ರ ಓಡಿ ಹೋದ” ಎಂದು ನನ್ನೆದುರು ಗೊಣಗಿದರು.

ಆದರೆ ಇನ್ನೊಂದು ತೊಡಕು ಉಳಿದಿತ್ತು. ಇದನ್ನು ಬಾರಿಸುವವರು ಯಾರು? ನಮ್ಮವರಿಗೆ ಬಿಗಿಯುವುದು ಗೊತ್ತು, ಬಾರಿಸುವುದು ಗೊತ್ತಿಲ್ಲ. ಭಜನೆಯವರನ್ನು ಕೇಳಿದರೆ ಬಿಜಲಿ ಹೊಡೆದೀತೆಂದು ಹಿಂದೆ ಸರಿದರು. ಯಾರು ಬಾರಿಸುತ್ತಾರೆಂದು ಯೋಚಿಸದೆ ವಾದ್ಯ ಕಟ್ಟಿದ ಮನುಷ್ಯ ಲೋಕದಲ್ಲಿ ಇವರೊಬ್ಬರೇ ಇರಬೇಕೆಂದು ನನಗೆ ನಗು. ತವರಿನಲ್ಲಿ ಅಪ್ಪ ಭಜನೆಗೆ ಸಿತಾರ ಬಾರಿಸುತ್ತಿದ್ದರು. ಅವರು ಹೊಲಕ್ಕೆ ಹೋದಾಗ ನಾನು ಕದ್ದು ಬಾರಿಸಿ ಕಲಿತಿದ್ದೆ. ಗಂಡನ ಮನೆಯಲ್ಲಿ ಅದನ್ನು ಬಾಯಿ ಬಿಟ್ಟಿರಲಿಲ್ಲ. ಧೈರ್ಯ ಮಾಡಿ ಕೇಳಿದೆ:

“ನಾ ಬಾರಸಲೇನ್ರಿ?”

“ಬಾರಸು,” ಎಂದರು, ನೀರು ಕೊಡು ಎಂದಷ್ಟೇ ಸಲೀಸಾಗಿ. ಆಶ್ಚರ್ಯಪಡಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ಅತ್ತೆಯನ್ನು ಒಪ್ಪಿಸುವುದು ಅವರ ಪಾಲಿಗೆ ಬಂತು. “ಸಾವಕಾರ್ರ ಮನಿ ಒಳಗಿನ ಖೋಲ್ಯಾಗ ಹೆಣ್ಮಕ್ಕಳ ನಡುವ ಕೂಡ್ತಾಳವ್ವಾ. ವೈರ್ ಅಷ್ಟೇ ಬಾಗಿಲ ಕೆಳಗಿಂದ ಹೊರಗ ಹೋಗ್ತದ. ಇಕಿ ಮುಖಾ ಯಾರಿಗೂ ಕಾಣಂಗಿಲ್ಲ.”

“ದನಿ ಹೊರಗ ಹೋಗ್ತದಲ್ಲೋ?”

“ದನಿಗಿ ಎಲ್ಲಿ ಸೆರಗು ಹೊಚ್ಚಲವ್ವಾ?”

ಅತ್ತೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡರು. “ನಾನೂ ಬರ್ತೀನಿ” ಎಂದರು.

ಮರುದಿನ ಮಧ್ಯಾಹ್ನ ಸಾವಕಾರರ ಪಡಸಾಲೆಯಲ್ಲಿ ಗಂಡಸರು, ಒಳಕೋಣೆಯಲ್ಲಿ ನಾವು. ಅಪ್ಪನ ಒಂದು ಭಜನೆಯ ಮಟ್ಟನ್ನು ಹಿಡಿದೆ. ನನ್ನ ಮಡಿಲಲ್ಲಿ ಹಲಗೆ ಪಿಸುಗುಟ್ಟಿತು. ಆಚೆಯ ಪಡಸಾಲೆಯಲ್ಲಿ ಅದೇ ಸ್ವರ ದೇವಸ್ಥಾನದ ಗಂಟೆಯಷ್ಟು ದೊಡ್ಡದಾಗಿ ಎದ್ದಿತು. ನಾನು ಬೆಚ್ಚಿ ನಿಲ್ಲಿಸಿದೆ. ಅತ್ತೆ ಮೊಣಕೈಯಿಂದ ತಿವಿದರು. ಮತ್ತೆ ಬಾರಿಸಿದೆ.

ಮುಗಿದಾಗ ಶಾಲೆಯ ಮೌಲವಿ ಸಾಹೇಬರ ದನಿ ಕೇಳಿತು: “ವಾಹ್, ಕ್ಯಾ ಬಾತ್ ಹೈ! ಹೈದ್ರಾಬಾದ್ ಹೈ ಕಿ ದಿಲ್ಲಿ?”

ಸಾವಕಾರರು ಗಂಭೀರವಾಗಿ ಹೇಳಿದರು: “ದಿಲ್ಲಿನೇ ಇರಬೇಕ್ರಿ. ನಮ್ಮ ರೇಡಿಯೋ ದಿಲ್ಲಿ ಭಾಳ ಸಾಫ್ ಹಿಡೀತದ.”

“ದಿಲ್ಲಿ ಅಲ್ರೀ! ಇದು ನಾ ಮಾಡಿದ ಗಿಟಾರ!” ನಮ್ಮವರು ಹೆಚ್ಚು ಕಡಿಮೆ ಅರಚಿದರು.

“ನೀ ಇಲ್ಲೇ ನಿಂತೀದಿ. ಬಾರಸಿದವರು ಯಾರು ಮತ್ತ?”

ಅವರು ಯಾರ ಹೆಸರು ಹೇಳಬೇಕು? ಹೆಂಡತಿ ಎಂದರೆ ಮನೆಯ ಮಾನ ಹೋಗುತ್ತದೆ, ಸುಮ್ಮನಿದ್ದರೆ ಗಿಟಾರು ದಿಲ್ಲಿಯ ಪಾಲಾಗುತ್ತದೆ. ಯಾರೋ ‘ಗುಂಯ್’ ಎಂದರು. ನಗು ಎದ್ದಿತು. ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿ ಬಳೆ ಸದ್ದಾಯಿತು. ನೋಡುತ್ತೇನೆ, ಅತ್ತೆ ಸೆರಗು ಬಿಗಿದು ಬಾಗಿಲಿಗೆ ಹೋಗಿ ನಿಂತಿದ್ದಾರೆ.

“ದಿಲ್ಲಿ ಎಲ್ಲೀದೋ ಎಪ್ಪಾ! ನನ್ನ ಸೊಸಿ ಬಾರಸ್ಯಾಳ. ನನ್ನ ಕೊಟಗಿ ಬಾಗಲದು, ನನ್ನ ಬಂಡಿ ನೊಗದ್ದು, ನನ್ನ ರಾಟಿದು. ಗುಂಯ್ ಅಂದವರು ಯಾರು? ಎದ್ದು ನಿಂದರ್ರಿ, ನೋಡೂಣು!”

ಯಾರೂ ಏಳಲಿಲ್ಲ. ಮೌಲವಿ ಸಾಹೇಬರೇ ಕೊನೆಗೆ ಮೆಲ್ಲಗೆ ಹೇಳಿದರು, “ಅಮ್ಮಾ, ಬೇಟಿಗಿ ಹೇಳ್ರಿ, ಇನ್ನೊಂದ್ಸಲ ಬಾರಸಲಿ.” ನಾನು ಬಾರಿಸಿದೆ. ಅರ್ಧಕ್ಕೆ ಬ್ಯಾಟರಿ ಸತ್ತಿತು. ಆದರೂ ಆ ದಿನದಿಂದ ಗುಂಯ್ ಎಂಬ ಹೆಸರು ಊರಿನಿಂದ ಹೋಯಿತು.

ಆಮೇಲೆ ಸಾವಕಾರರು ರೇಡಿಯೋ ಕೊಡಲಿಲ್ಲ; ದಿಲ್ಲಿ ಎಂದು ಹೇಳಿ ಮೋಸಹೋದದ್ದು ಅವರ ಮನಸ್ಸಿಗೆ ತಾಗಿತ್ತು. ಗಿಟಾರು ಮನೆಗೆ ಬಂತು. ಡಬ್ಬಿ ಇಲ್ಲದೆ ಆ ಹಲಗೆಯ ದನಿ ಬಾರಿಸಿದವರಿಗೇ ಸರಿಯಾಗಿ ಕೇಳದು. ಅತ್ತೆ ಪುರಾಣಕ್ಕೆ ಹೋದ ಹೊತ್ತಿನಲ್ಲಿ ನಾನು ಬಾರಿಸುತ್ತಿದ್ದೆ, ನಮ್ಮವರು ಹಲಗೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಎಷ್ಟೋ ವರ್ಷದ ಮೇಲೆ ನಮ್ಮ ಮನೆಗೂ ಕರೆಂಟು ಬಂತು, ರೇಡಿಯೋ ಬಂತು. ಆಗಲೂ ಅವರು ವೈರು ಸಿಕ್ಕಿಸಲಿಲ್ಲ.

ಇಷ್ಟನ್ನೂ ರಾಜಪ್ಪನಿಗೆ ಹೇಳಿದೆ. ಅವನಿಗೆ ಹೊಸದಾಗಿ ಮದುವೆಯಾಗಿದೆ. ಲಗ್ನದ ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತಾನಂತೆ. “ಆಯಿ, ತೋರಸ್ರಲಾ” ಎಂದ. ಅಟ್ಟದಿಂದ ಇಳಿಸಿಕೊಟ್ಟೆ. ಧೂಳು ಒರೆಸಿ, ಎದೆಗಿಟ್ಟುಕೊಂಡು, ಬೆರಳು ಇಡಲು ಹೋಗಿ ಮುಖ ಕಿವುಚಿದ.

“ಇದರ ಕುತಿಗಿ ಭಾಳ ಸಣ್ಣದದ ಆಯಿ. ಒಂದು ತಂತಿ ಮ್ಯಾಲ ಬಟ್ಟಿಟ್ರ ಬಾಜೂದೂ ಮುಚ್ಚಿ ಹೋಗ್ತದ.”

“ಕಟ್ಟಿಗಿ ಸಾಲಿರಲಿಕ್ಕಿಲ್ಲ,” ಎಂದೆ.

“ನೊಗದ ಕಟ್ಟಿಗಿ ಸಾಲದೇನ್ರಿ? ಇದು ಬೇಕಂತನೇ ಹೆರದದ್ದು. ಯಾರದೋ ಸಣ್ಣ ಕೈಗಿ.”

ನಾನು ಕೈಗೆ ತೆಗೆದುಕೊಂಡೆ. ಬೆರಳುಗಳು ಈಗ ಸೊಟ್ಟಗಾಗಿವೆ. ಆದರೂ ಒಂದೊಂದು ಬೆರಳು ತನ್ನ ತನ್ನ ತಂತಿಯ ಮೇಲೆ ಹೋಗಿ ಕೂತಿತು. ನನ್ನನ್ನು ನೋಡಲು ಅಪ್ಪ ಕಲ್ಯಾಣದಿಂದ ಬರುತ್ತಿದ್ದದ್ದು ನಮ್ಮವರ ಮೋಟಾರಿನಲ್ಲೇ. ಅದು ನಿಂತಾಗಲೆಲ್ಲ ಇಬ್ಬರೂ ದಾರಿಯ ಬದಿಯಲ್ಲಿ ಕೂತು ಏನೇನು ಮಾತಾಡಿದ್ದರೋ. ನಾನು ಕದ್ದು ಸಿತಾರ ಬಾರಿಸುತ್ತಿದ್ದದ್ದು ಅಪ್ಪನಿಗೆ ಗೊತ್ತೇ ಇತ್ತೇನೋ. ಯಾರು ಬಾರಿಸುತ್ತಾರೆಂದು ಯೋಚಿಸದೆ ವಾದ್ಯ ಕಟ್ಟಿದ ಗಂಡನೆಂದು ಇಷ್ಟು ವರ್ಷ ಬಂದವರ ಮುಂದೆಲ್ಲ ಹೇಳಿ ನಗಿಸಿದ್ದೇನೆ. ಪಕ್ಕದಲ್ಲೇ ಕೂತು ಅವರೂ ನಗುತ್ತಿದ್ದರು. ತೀರಿಕೊಳ್ಳುವವರೆಗೂ ಒಂದು ಮಾತು ಬಾಯಿ ಬಿಡಲಿಲ್ಲ.

ರಾಜಪ್ಪನಿಗೆ ಚಹಾ ತರುತ್ತೇನೆಂದು ಒಳಗೆ ಹೋಗಿ, ಒಲೆ ಹೊತ್ತಿಸದೆಯೇ ಅದರ ಮೇಲೆ ಪಾತ್ರೆ ಇಟ್ಟೆ.

“ಏನಾತ್ರಿ ಅತ್ತಿ?” ಸೊಸೆ ಗಾಬರಿಯಾದಳು.

“ಏನಿಲ್ಲವಾ,” ಎಂದೆ. “ನಿನ್ನ ಮಾವ ಭಾಳ ಕಳ್ಳ ಮನಷ್ಯಾ ಇದ್ದರು.”